ಅಲೆ ದಡಕ್ಕೆ ಬರತ್ತೆ, ನಾವ್ಯಾಕೆ ಪಕ್ಕಕ್ಕೆ ಹೋಗ್ತೀವಿ?

ಚೆನ್ನೈವಾಸಿ:
ಜುಲೈಲಿ ಎಲಿಯಟ್ಸ್ ಬೀಚಲ್ಲಿ ಮೊಣಕಾಲುದ್ದ ನೀರಲ್ಲಿ ಆಡ್ತಿದ್ವಿ, ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ ಚಪ್ಪಲಿ ಬಿಟ್ಟ ಜಾಗ ದಕ್ಷಿಣಕ್ಕೆ ಎಲ್ಲೋ ಉಳಿದಿದೆ. ಅಲೆ ಬರೋದು ದಡಕ್ಕೆ ತಾನೆ? ಇನ್ನೊಂದು, ಮರೀನಾದಲ್ಲಿ ಅಷ್ಟಗಲ ಮರಳು, ಹಾರ್ಬರ್ ದಾಟಿ ರಾಯಪುರಂ ಕಡೆ ಹೋದ್ರೆ ಬರೀ ಬಂಡೆ. ಎರಡಕ್ಕೂ ಏನಾದ್ರೂ ಸಂಬಂಧ ಇದ್ಯಾ?

ನೊರೆತೆರೆ:
ಇದೆ. ಅಲೆ ಆಳ ಕಮ್ಮಿ ಆದಂಗೆ ದಡದ ಕಡೆ ತಿರುಗತ್ತೆ ನಿಜ, ಆದ್ರೆ ಪೂರ್ತಿ ತಿರುಗೋ ಮುಂಚೆನೇ ಒಡೆಯತ್ತೆ, ಹೆಚ್ಚುಕಮ್ಮಿ ತನ್ನ ಎತ್ತರದ 1.3 ಪಟ್ಟು ಆಳ ಇರೋ ಕಡೆ. ಒಡೆದಾಗ ಅದರಲ್ಲಿದ್ದ ಮೊಮೆಂಟಮ್ (ಮುನ್ನುಗ್ಗೋ ರಭಸ) ನೀರಿಗೆ ಹೋಗತ್ತೆ, ಅಲೆ ಓರೆಯಾಗಿ ಬಂದಿದ್ರೆ ಅದರಲ್ಲಿ ಒಂದು ಪಾಲು ದಡದುದ್ದಕ್ಕೂ ತಳ್ಳತ್ತೆ, ತಳದ ಘರ್ಷಣೆ ಸಮ ಆಗೋವರೆಗೂ ನೀರು ಸ್ಪೀಡ್ ಆಗ್ತಾ ಹೋಗತ್ತೆ. ಇದನ್ನ ಬ್ರಿಟಿಷ್ ಗಣಿತಜ್ಞ ಲಾಂಗೆಟ್-ಹಿಗ್ಗಿನ್ಸ್ 1970ರಲ್ಲಿ ಲೆಕ್ಕ ಹಾಕಿ ತೋರ್ಸಿದ್ರು. ಅದಕ್ಕೇ ನೊರೆ ಪಟ್ಟಿ ಒಳಗೆ ಎಳೆತ ಜಾಸ್ತಿ, ಅಲೆ ಒಡೆಯೋ ಜಾಗದಿಂದ ಆಚೆ ಹೋದ್ರೆ ಬೇಗ ಕಮ್ಮಿ ಆಗತ್ತೆ. ಮರಳನ್ನ ಮೇಲೆಬ್ಬಿಸೋದು ಒಡೆಯೋ ಅಲೆಯ ಕಲಕಾಟ, ಹೊತ್ಕೊಂಡು ಹೋಗೋದು ಈ ಪ್ರವಾಹ. ಬರೀ ಪ್ರವಾಹ ಇದ್ದಿದ್ರೆ ಅಷ್ಟು ಮರಳು ಏಳ್ತಾನೇ ಇರ್ಲಿಲ್ಲ.

ಬಂದರುಹುಚ್ಚ:
ಅಲ್ಲಿ ನೈಋತ್ಯ ಮಾನ್ಸೂನ್ ತಿಂಗಳುಗಳಲ್ಲಿ ಮರಳು ಉತ್ತರಕ್ಕೆ ಹೋಗತ್ತೆ, ಈಶಾನ್ಯ ಮಾನ್ಸೂನಲ್ಲಿ ವಾಪಸ್ ದಕ್ಷಿಣಕ್ಕೆ, ವರ್ಷದ ಲೆಕ್ಕ ತೆಗೆದ್ರೆ ಉತ್ತರದ್ದೇ ಜಾಸ್ತಿ. 1870ರ ದಶಕದಲ್ಲಿ ಹಾರ್ಬರ್ ಗೋಡೆ ಕಟ್ಟೋಕೆ ಶುರು ಮಾಡಿದ್ರು, ಬರೋ ಮರಳು ಗೋಡೆಯ ದಕ್ಷಿಣಕ್ಕೆ ನಿಂತ್ಕೊಳ್ತು, ಇವತ್ತಿನ ಅಗಲ ಮರೀನಾ ಅದೇ. ಉತ್ತರಕ್ಕಿರೋ ರಾಯಪುರಂ ಕಡೆ ಮರಳು ಬರೋದು ನಿಂತ್ರೂ ಅಲೆಗಳು ಅಲ್ಲಿಂದ ಒಯ್ಯೋದು ನಿಲ್ಸಲ್ವಲ್ಲ!

ಚೆನ್ನೈವಾಸಿ:
ಹಂಗಾದ್ರೆ ರಾಯಪುರಂ ಕಡೆನೂ ಒಂದು ಗೋಡೆ ಕಟ್ಟಿದ್ರೆ ಮರಳು ನಿಲ್ಲಲ್ವಾ?

ಬಂದರುಹುಚ್ಚ:
ನಿಲ್ಲತ್ತೆ, ಅದರ ಮುಂದಿನ ಊರಿಗೆ ಕಡಲ್ಕೊರೆತ ಶುರು. ನನ್ ಪ್ರಕಾರ ವಿಶಾಖಪಟ್ಟಣದ ದಾರಿನೇ ವಾಸಿ, ಅಲ್ಲಿ ಬಂದರಿನ ದಕ್ಷಿಣಕ್ಕೆ ನಿಂತ ಮರಳನ್ನ ಡ್ರೆಜ್ಜರಲ್ಲಿ ಎತ್ತಿ ಉತ್ತರದ ಬೀಚಿಗೆ ಹಾಕ್ತಾರೆ. ಖರ್ಚಿನ ಬಾಬ್ತು, ಹಾಕ್ತಾನೇ ಇರ್ಬೇಕು.

ಮಲ್ಪೆಕಡೆಯವ:
ನಮ್ಮ ಕರಾವಳಿಲಿ ಮಳೆಗಾಲಕ್ಕೆ ಮರಳು ಹೋಗಿ ಆಮೇಲೆ ವಾಪಸ್ ಬರತ್ತಲ್ಲ, ಅದನ್ನ ಇದರ ಜೊತೆ ಬೆರೆಸ್ಬೇಡಿ ಮಾರಾಯ್ರೆ. ಅದು ಹೆಚ್ಚಾಗಿ ದಡದಿಂದ ಆಳಕ್ಕೆ ಹೋಗಿ ದಿಬ್ಬ ಆಗಿ ಕೂತಿರತ್ತೆ, ಸಣ್ಣ ಅಲೆಗಳು ಮೆಲ್ಲ ವಾಪಸ್ ತರ್ತವೆ. ನಿಮ್ಮ ಬೀಚಲ್ಲಿ ಎತ್ತ ಎಳೀತಿದೆ ನೋಡ್ಬೇಕಂದ್ರೆ ಒಂದು ಕಿತ್ತಳೆ ಹಣ್ಣು ನೊರೆಯೊಳಗೆ ಎಸೆದು ದಡದ ಮೇಲೆ ಅದರ ಜೊತೆ ನಡೀರಿ. ಅದು ಪಕ್ಕಕ್ಕೆ ಹೋಗದೆ ಸೀದಾ ಸಮುದ್ರದ ಕಡೆ ಹೋದ್ರೆ ಅದು ರಿಪ್ ಕರೆಂಟ್, ಆ ಜಾಗದಲ್ಲಿ ಇಳಿಯೋದೇ ಬೇಡ.