ಸಹಾಯ ಬೇಕು: ಶುಗರ್ ಇರೋ ಅಪ್ಪಾಜಿಗೆ ಬೇಸಿಗೇಲಿ ಕುಡಿಯೋಕೆ ಏನ್ ಕೊಡೋದು?

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿಗೆ ಟೈಪ್ 2 ಶುಗರ್, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆ ತಗೋತಾರೆ, ದಾವಣಗೆರೆ ಬಿಸಿಲಲ್ಲಿ ಇಡೀ ದಿನ ಅಂಗಡೀಲಿ ಕೂರ್ತಾರೆ, ಬರೀ ನೀರು ಕುಡೀರಿ ಅಂದ್ರೆ ಸಪ್ಪೆ ಅಂತಾರೆ. ಕೋಲಾ ಬಿಡಿಸಿದ್ವಿ, ಬಾಟಲ್ ಹಿಂದೆ ನೋಡಿದ್ರೆ 100 ಎಂಎಲ್‌ಗೆ ಸುಮಾರು 10 ಗ್ರಾಂ ಸಕ್ಕರೆ, ಅಂದ್ರೆ 300 ಎಂಎಲ್ ಕುಡಿದ್ರೆ ಏಳೆಂಟು ಟೀ ಚಮಚ! ಕಬ್ಬಿನ ಹಾಲಂತೂ ಕೇಳಲೇಬೇಡಿ. ಆದ್ರೆ ಮನೆಗೆ ಬಂದೋರೆಲ್ಲ "ಬೆಲ್ಲದ ಕಾಫಿ ಕುಡೀರಿ, ಏನಾಗಲ್ಲ" ಅಂತಾರೆ, ಬೆಲ್ಲನೂ ಜೇನುತುಪ್ಪನೂ ಶುಗರ್ ಏರಿಸೇ ಏರಿಸುತ್ತೆ ಅಂದ್ರೆ ಯಾರೂ ನಂಬಲ್ಲ, ನಂಗೆ ಅದೇ ಬೇಜಾರು.

ಈಗ ನೀರು ಮಜ್ಜಿಗೆಗೆ ಇಂಗು, ಶುಂಠಿ, ಕರಿಬೇವು ಹಾಕಿ ಕಳಿಸ್ತಿದೀನಿ, ಬಿಪಿನೂ ಇರೋದ್ರಿಂದ ಉಪ್ಪು ಕಮ್ಮಿ. ಜೀರಿಗೆ ನೀರು, ಸಕ್ಕರೆ ಹಾಕದ ನಿಂಬೆ ನೀರೂ ನಡೀತಿದೆ. ರಾಗಿ ಅಂಬಲಿ ಅವರಿಗೆ ಇಷ್ಟ, ಆದ್ರೆ ಅದೂ ಹಿಟ್ಟೇ ಅಲ್ವಾ, ಊಟದ ಲೆಕ್ಕಕ್ಕೆ ಸೇರಿಸಿ ಅರ್ಧ ಲೋಟ ಕೊಡ್ತೀನಿ.

ನಿಮ್ಮ ಮನೇಲಿ ಶುಗರ್ ಇರೋರು ಮಧ್ಯಾಹ್ನ ಏನ್ ಕುಡೀತಾರೆ, ಎಳನೀರು ಕುಡಿದ ಮೇಲೆ ಮೀಟರಲ್ಲಿ ಚೆಕ್ ಮಾಡಿದೋರು ಯಾರಾದ್ರೂ ಇದೀರಾ (ಕಿಡ್ನಿ ತೊಂದ್ರೆ ಇರೋರಿಗೆ ಎಳನೀರು ಆಗಲ್ಲ ಅಂತಾರಲ್ಲ, ಅಪ್ಪಾಜಿ ಕಿಡ್ನಿ ರಿಪೋರ್ಟ್ ನಾರ್ಮಲ್ ಇದೆ), ಸಕ್ಕರೆ ಇಲ್ಲದ ಕಾಫಿ ರೂಢಿ ಮಾಡಿಸಿದ್ದು ಹೇಗೆ? ಲೋ ಶುಗರ್ ಆದ್ರೆ ಅಂತ ಗ್ಲೂಕೋಸ್ ಪುಡಿ ಗಲ್ಲಾಪೆಟ್ಟಿಗೇಲಿ ಇಟ್ಟಿದೀನಿ, ಅದರ ಬಗ್ಗೆ ಚಿಂತೆ ಇಲ್ಲ. ಮಾಡಿ ನೋಡಿದ್ದನ್ನ, ಅಳತೆ ಸಮೇತ ಹೇಳಿ ಪ್ಲೀಸ್, ಮುಂದಿನ ವಾರ ಮದುವೆಗಳು ಬೇರೆ ಶುರು.