ಕಾಫಿ ಹೊಟ್ಟಿನ ಇಂಗಾಲದ ಆನೋಡ್: ದ್ರಾವಣ ಕಂದಾಗುವುದೇಕೆ?

ಪ್ರಶ್ನೆ (ವಿದ್ಯಾರ್ಥಿನಿ, ಹಾಸನ)

ನೀರನ್ನು ವಿಭಜಿಸಿ ಹೈಡ್ರೋಜನ್ ಪಡೆಯಲು ಅಗ್ಗದ ನ್ಯಾನೊ ವೇಗವರ್ಧಕವೊಂದನ್ನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ತಯಾರಿಸುತ್ತಿದ್ದೇನೆ. ಊರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ತಂದ ಹೊಟ್ಟನ್ನು ನೈಟ್ರೋಜನ್ ಹರಿವಿನಲ್ಲಿ 800 ಡಿಗ್ರಿಗೆ ಕಾಯಿಸಿ ಇದ್ದಿಲು ಮಾಡಿ, ಅದರ ಮೇಲೆ ನಿಕ್ಕಲ್-ಕಬ್ಬಿಣದ ಹೈಡ್ರಾಕ್ಸೈಡನ್ನು ಕೂರಿಸಿ, 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಆಕ್ಸಿಜನ್ ಬಿಡುಗಡೆ ಮಾಡುವ ಆನೋಡ್ ಆಗಿ ಪರೀಕ್ಷಿಸಿದೆ. ಮೊದಲ ದಿನ ಕರೆಂಟ್ ಚೆನ್ನಾಗಿಯೇ ಬಂದಿತು. ಮೂರನೆಯ ದಿನಕ್ಕೆ ಅದು ಅರ್ಧಕ್ಕಿಳಿದು, ತಿಳಿಯಾಗಿದ್ದ ದ್ರಾವಣ ನೀರು ಬೆರೆಸಿದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಲೋಹ ಕರಗುತ್ತಿದೆಯೇ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು)

ಕರಗುತ್ತಿರುವುದು ಬಹುಮಟ್ಟಿಗೆ ನಿಮ್ಮ ಇಂಗಾಲವೇ ಇರಬೇಕು. ನೀರಿನ ವಿಭಜನೆಗೆ ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕಾದರೂ ಆಕ್ಸಿಜನ್ ಹೊರಡುವ ಆನೋಡನ್ನು ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿ ಸುಮಾರು 1.5 ವೋಲ್ಟಿನಲ್ಲಿ ಇಡಬೇಕಾಗುತ್ತದೆ. ಅದೇ ಅಳತೆಯಲ್ಲಿ ಇಂಗಾಲದ ಉತ್ಕರ್ಷಣೆಗೆ (ಆಕ್ಸಿಜನ್ ಸೇರಿ ಸವೆಯುವುದಕ್ಕೆ) ಸುಮಾರು 0.21 ವೋಲ್ಟೇ ಸಾಕು, ಅದು ಇಷ್ಟು ದಿನ ಉಳಿದಿರುವುದು ಆ ಕ್ರಿಯೆ ನಿಧಾನವೆಂಬ ಒಂದೇ ಕಾರಣಕ್ಕೆ. ರಂಧ್ರಗಳು ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚುತ್ತದೆ, ಸವೆತವೂ ಹೆಚ್ಚುತ್ತದೆ. ಆದುದರಿಂದ ಮೊದಲ ದಿನದ ಕರೆಂಟೆಲ್ಲ ಆಕ್ಸಿಜನ್ನಿನದೆಂದು ಬರೆದುಬಿಡಬೇಡಿ. ಲೋಹವಿಲ್ಲದ ಬರಿಯ ಇಂಗಾಲವನ್ನು ಒಮ್ಮೆ ಪರೀಕ್ಷಿಸಿ ನೋಡಿ, ಹೊರಬಂದ ಆಕ್ಸಿಜನ್ನನ್ನು ಅಳೆದು, ಹರಿದ ವಿದ್ಯುದಾವೇಶಕ್ಕೆ ತಾಳೆ ಹಾಕಿ. ಆನೋಡಿಗೆ ಇಂಗಾಲವನ್ನು ಬಿಟ್ಟು ನಿಕ್ಕಲ್ ಫೋಮ್ (ಸ್ಪಂಜಿನಂತೆ ರಂಧ್ರಗಳಿರುವ ನಿಕ್ಕಲ್) ಬಳಸುವುದೇ ಸರಿಯೆಂದು ನನ್ನ ಅಭಿಪ್ರಾಯ.

ಉತ್ತರ (ಸಂಶೋಧಕಿ, ಮೂಲತಃ ಸಕಲೇಶಪುರ)

ಸರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಹೊಟ್ಟಿನ ಇಂಗಾಲವನ್ನು ಎಸೆಯಬೇಡಿ, ಹೈಡ್ರೋಜನ್ ಹೊರಡುವ ಕ್ಯಾಥೋಡಿಗೆ ಬಳಸಿ. ಅಲ್ಲಿ ವೋಲ್ಟೇಜ್ ಇಂಗಾಲವನ್ನು ಸುಡುವಷ್ಟಿರುವುದಿಲ್ಲ. ಪದರ ಪದರವಾಗಿರುವ ವೇಗವರ್ಧಕ ಮಾಲಿಬ್ಡಿನಂ ಡೈಸಲ್ಫೈಡ್‌ನಲ್ಲಿ ಹೈಡ್ರೋಜನ್ ಹುಟ್ಟುವುದು ಪದರದ ಅಂಚಿನಲ್ಲೇ ಹೊರತು ಚಪ್ಪಟೆ ಮೈಯ ಮೇಲಲ್ಲ ಎಂಬುದು 2007ರಲ್ಲೇ ಪ್ರಯೋಗದಿಂದ ಸಿದ್ಧವಾಗಿದೆ, ಆದ್ದರಿಂದ ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಇಂಗಾಲದ ಮೇಲೆ ಬೆಳೆಸಿದರೆ ನ್ಯಾನೊ ಗಾತ್ರಕ್ಕೆ ಅರ್ಥ ಬರುತ್ತದೆ. ಆದರೆ ಆಗ ಎದುರು ಎಲೆಕ್ಟ್ರೋಡ್ (ಕರೆಂಟಿನ ಸುತ್ತು ಪೂರ್ತಿಗೊಳಿಸುವ ಇನ್ನೊಂದು ಎಲೆಕ್ಟ್ರೋಡ್) ಆಗಿ ಪ್ಲಾಟಿನಂ ತಂತಿಯನ್ನು ಇಡಬೇಡಿ. ಅದು ಸ್ವಲ್ಪ ಸ್ವಲ್ಪವೇ ಕರಗಿ ನಿಮ್ಮ ಕ್ಯಾಥೋಡಿನ ಮೇಲೆ ಕೂರುತ್ತದೆ, ದಿನ ಕಳೆದಂತೆ ವೇಗವರ್ಧಕ ಸುಧಾರಿಸಿತೆಂದು ನಾವು ಹಿಗ್ಗುತ್ತೇವೆ. ನಾನೂ ಒಮ್ಮೆ ಹಾಗೆ ಹಿಗ್ಗಿ, ಎರಡು ತಿಂಗಳ ಅಳತೆಗಳನ್ನು ಕೈಬಿಟ್ಟವಳು. ಗ್ರಾಫೈಟ್ ಕಡ್ಡಿ ಸಾಕು.

ಪ್ರಶ್ನೆ ಕೇಳಿದವರು

ಬರಿಯ ಇಂಗಾಲವನ್ನು ಇಂದು ಪರೀಕ್ಷಿಸಿದೆ, ಸರ್. ಲೋಹವೇ ಇಲ್ಲದೆ ದ್ರಾವಣ ಸಂಜೆಯೊಳಗೆ ಕಂದಾಯಿತು. ನಿಕ್ಕಲ್ ಫೋಮ್ ತರಿಸುತ್ತಿದ್ದೇನೆ.