ಹಿರಿಯರ ಮನೆಗೆ ಯಾವ ನೆಲ ಒಳ್ಳೆಯದು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಂದು ಹಳೆಯ ಮನೆಯನ್ನು ಹಿರಿಯರು ಇರುವ ಮನೆಯಾಗಿ ಮಾಡುತ್ತಿದ್ದೇವೆ, ನಾನು ಮತ್ತು ನನ್ನ ತಂಗಿ. ಸುಮಾರು 20 ಜನ ಇರುತ್ತಾರೆ. ಕೆಲವರು ವಾಕರ್ ಹಿಡಿದು ನಡೆಯುವವರು, ಇಬ್ಬರಿಗೆ ವೀಲ್‌ಚೇರ್, ಕೆಲವರಿಗೆ ಮರೆವಿನ ಕಾಯಿಲೆ. ಈಗ ಶಹಾಬಾದ್ ಫರ್ಸಿ ಇದೆ, ಅಲ್ಲಲ್ಲಿ ಎದ್ದಿದೆ. ಅಂಗಡಿಯವರು 2 ಅಡಿ ಅಗಲ, 4 ಅಡಿ ಉದ್ದದ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ತೋರಿಸುತ್ತಿದ್ದಾರೆ. ವಿನೈಲ್ (ನೆಲಕ್ಕೆ ಅಂಟಿಸುವ ಪ್ಲಾಸ್ಟಿಕ್ ತರಹದ ಹಾಸು) ಹಾಕಿ ಅಂತ ಇನ್ನೊಬ್ಬರು. ಏನು ಮಾಡೋಣ?

ಗದಗದಿಂದ, ಕಟ್ಟಡ ಕೆಲಸದವರು: ಅಕ್ಕಾರ, ಟೈಲ್ಸ್ ಆಮೇಲೆ. ಮೊದಲು ಫರ್ಸಿ ಯಾಕೆ ಎದ್ದಿದೆ ನೋಡ್ರಿ. ನಮ್ಮ ಕಡೆ ಎರೆ ಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆಳಗೆ ಅದು ಇದ್ದರೆ ಮೇಲೆ ಎಷ್ಟೇ ದುಬಾರಿ ಮಾಲು ಹಾಕಿದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಅಂಚು ಮೇಲೆ, ಒಂದು ಕೆಳಗೆ. ನಮಗೆ ಅದು ಕಣ್ಣಿಗೂ ಬೀಳುವುದಿಲ್ಲ. ಕಾಲು ಎತ್ತಿ ಇಡಲಾಗದ ಅಜ್ಜನಿಗೆ ಅಷ್ಟೇ ಸಾಕು, ಮುಗ್ಗರಿಸಲು.

ಒಂದು ಮೂಲೆಯಲ್ಲಿ ಫರ್ಸಿ ಎಬ್ಬಿಸಿ ಅಗೆಸಿ ನೋಡ್ರಿ. ಕರಿ ಮಣ್ಣು ಸಿಕ್ಕರೆ ಆದಷ್ಟು ತೆಗೆಸಿ. ಗರಸು (ಮೊರಂ ಮಣ್ಣು) ತುಂಬಿಸಿ, ಥರ ಥರವಾಗಿ ನೀರು ಹೊಡೆದು ದಮ್ಮಸ್ಸು ಮಾಡಿಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಾಂಕ್ರೀಟ್. ಹಾಳೆ ಇದ್ದರೆ ನೆಲದ ತೇವ ಮೇಲೆ ಏರುವುದಿಲ್ಲ. ಮನೆಯ ಸುತ್ತ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ. ತಾರಸಿ ನೀರು ಗೋಡೆ ಬುಡದಲ್ಲಿ ನಿಲ್ಲಲೇಬಾರದು. ಈ ಖರ್ಚು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೂ ಇದನ್ನೇ ಮೊದಲು ಮಾಡ್ರಿ.

ಟೈಲ್ಸ್ ಕೂರಿಸುವಾಗ ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟ್ ಮಸಾಲೆ ಇಟ್ಟು ಒತ್ತುವವರಿದ್ದಾರೆ. ಬಿಡಬೇಡಿ. ಕೆಳಗೆ ಪೂರ್ತಿ ತುಂಬಬೇಕು. ಮುಗಿದ ಮೇಲೆ ಕೋಲಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದದ್ದನ್ನು ತೆಗೆಸಿ ಮತ್ತೆ ಹಾಕಿಸಿ.

ಧಾರವಾಡದಿಂದ, ಹಿರಿಯರನ್ನು ನೋಡಿಕೊಳ್ಳುವ ನರ್ಸ್: ಹೊಳೆಯುವ ಟೈಲ್ಸ್ ಬೇಡವೇ ಬೇಡ. ಒಣಗಿದ್ದಾಗ ಅದೂ ಸರಿಯೇ. ಆದರೆ ಇಂಥ ಮನೆಯಲ್ಲಿ ನೆಲ ಒಣಗಿರುವುದು ಯಾವಾಗ? ಒಬ್ಬರು ಕಾಲು ತೊಳೆದು ಬರುತ್ತಾರೆ. ಇನ್ನೊಬ್ಬರ ಕೈಯಿಂದ ತಂಬಿಗೆ ನೀರು ಚೆಲ್ಲುತ್ತದೆ. ಮತ್ತೊಬ್ಬರಿಗೆ ಬಚ್ಚಲು ಮುಟ್ಟುವ ಮೊದಲೇ ಮೂತ್ರ ಹೋಗಿಬಿಡುತ್ತದೆ.

ಹಾಗಂತ ಪಾರ್ಕಿಂಗಿಗೆ ಹಾಕುವ ಒರಟು ಟೈಲ್ಸ್ ಒಳಗೆ ತರಬೇಡಿ. ಪಾರ್ಕಿನ್ಸನ್ಸ್ ಇದ್ದವರು, ಲಕ್ವಾ ಹೊಡೆದವರು ಕಾಲು ಎಳೆದುಕೊಂಡು ನಡೆಯುತ್ತಾರೆ. ನೆಲ ಜಾಸ್ತಿ ಹಿಡಿದರೆ ಚಪ್ಪಲಿ ಅಲ್ಲೇ ಸಿಕ್ಕಿಕೊಂಡು ಮುಂದಕ್ಕೆ ಬೀಳುತ್ತಾರೆ. ಜಾರಿ ಬಿದ್ದವರಷ್ಟೇ ಪೆಟ್ಟು ಇವರಿಗೂ ಆಗುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಡಬ್ಬಿಯ ಮೇಲೆ ಸುಮ್ನೆ ‘ಆಂಟಿ ಸ್ಕಿಡ್’ ಅಂತ ಇದ್ದರೆ ನಂಬಬೇಡಿ, ಪರೀಕ್ಷೆಯ ವಿವರ ಕೇಳಿ. ಆರ್ 9ರಿಂದ ಆರ್ 13ರವರೆಗೆ ಒಂದು ಜರ್ಮನ್ ಅಳತೆ ಇದೆ. ಅಂಕಿ ಹೆಚ್ಚಾದಷ್ಟು ಹಿಡಿತ ಹೆಚ್ಚು. ಆದರೆ ಆ ಪರೀಕ್ಷೆ ಮಾಡುವುದು ಎಣ್ಣೆ ಹಾಕಿದ ಇಳಿಜಾರಿನ ಮೇಲೆ ಬೂಟು ಹಾಕಿಕೊಂಡು. ಬರಿಗಾಲಿಗೆ ಬೇರೆಯೇ ಇದೆ: ಎ, ಬಿ, ಸಿ. ಎ ಅಂದರೆ ಹಿಡಿತ ಕಡಿಮೆ, ಸಿ ಅಂದರೆ ಹೆಚ್ಚು. ಸ್ನಾನದ ಜಾಗಕ್ಕೆ ಬಿ ಬೇಕು. ನಮ್ಮ ಹಿರಿಯರು ಬಚ್ಚಲಲ್ಲಿ ಬರಿಗಾಲಲ್ಲೇ ಅಲ್ವಾ ಇರುವುದು.

ವಿವರ ಸಿಗದಿದ್ದರೆ ಅಂಗಡಿಯಲ್ಲೇ ನೋಡಿ. ಟೈಲ್ ಅಲುಗಾಡದ ಹಾಗೆ ಇಟ್ಟು, ಸೋಪಿನ ನೀರು ಹಾಕಿ, ಯಾರನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡು ಬರಿಗಾಲು ಇಡಿ. ಆಮೇಲೆ ಒಣ ಟೈಲ್ ಮೇಲೆ ರಬ್ಬರ್ ಚಪ್ಪಲಿ ಎಳೆಯಿರಿ. ಎರಡರಲ್ಲೂ ಪಾಸಾದದ್ದನ್ನೇ ತಗೊಳ್ಳಿ.

ಬಚ್ಚಲಿಗೆ ಒಂದು ಅಡಿ ಚೌಕದ್ದು ಅಥವಾ ಇನ್ನೂ ಚಿಕ್ಕದು ಇರಲಿ. ಸಂದು ಜಾಸ್ತಿ ಇದ್ದಷ್ಟು ಕಾಲಿಗೆ ಹಿಡಿತ. ಮೋರಿ ಕಡೆ ಇಳಿಜಾರು ಕೊಡುವುದಕ್ಕೂ ಸುಲಭ, ಒಂದು ಮೀಟರಿಗೆ 12ರಿಂದ 15 ಮಿಲಿಮೀಟರ್ ಸಾಕು. ಸಂದಿಗೆ ಎಪಾಕ್ಸಿ (ನೀರು ಹೀರದ, ಗಟ್ಟಿಯಾಗುವ ರಾಳ) ತುಂಬಿಸಿ. ಸಿಮೆಂಟ್ ಸಂದು ಮೂತ್ರ ಹೀರುತ್ತದೆ, ಆಮೇಲೆ ಏನು ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ. ಬೋರ್ ನೀರು ಗಡಸಾಗಿದ್ದರೆ ಸೋಪಿನ ಜೊತೆ ಸೇರಿ ಪದರ ಕಟ್ಟುತ್ತದೆ, ಅದು ಜಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದು, ಬ್ರಷ್ ಹಾಕಿ ತಿಕ್ಕಬೇಕು. ಬಾಗಿಲ ಮುಂದೆ ಹಾಸುವ ಸಡಿಲ ಮ್ಯಾಟುಗಳನ್ನು ಇವತ್ತೇ ತೆಗೆಯಿರಿ.

ಹಾವೇರಿಯಿಂದ, ಮರೆವಿನ ಕಾಯಿಲೆ ಇರುವ ತಾಯಿಯನ್ನು ನೋಡಿಕೊಳ್ಳುವವರು: ಬಣ್ಣದ ಬಗ್ಗೆ ಯಾರೂ ಹೇಳಿಲ್ಲ. ಅವ್ವ ಬಾಗಿಲಲ್ಲಿರುವ ಕಪ್ಪು ಗ್ರಾನೈಟ್ ಪಟ್ಟಿಯನ್ನು ಗುಂಡಿ ಅಂದುಕೊಂಡು ದಾಟಲು ಹೆದರುತ್ತಾಳೆ. ಹೊಳಪು ಕಂಡರೆ ನೀರು ಅನ್ನುತ್ತಾಳೆ. ಚುಕ್ಕೆ ಇದ್ದರೆ ಬಗ್ಗಿ ಹೆಕ್ಕಲು ಹೋಗುತ್ತಾಳೆ. ಕೋಣೆಯಿಂದ ಕೋಣೆಗೆ ನೆಲ ಒಂದೇ ಬಣ್ಣ ಇರಲಿ, ಸಾದಾ ಇರಲಿ. ಗೋಡೆ ಮಾತ್ರ ಬೇರೆ ಬಣ್ಣ, ನೆಲ ಎಲ್ಲಿ ಮುಗಿಯುತ್ತದೆ ಗೊತ್ತಾಗಬೇಕು. ಬಿಳಿ ನೆಲದ ಮೇಲೆ ಬಿಳಿ ಕಮೋಡ್ ಇಟ್ಟರೆ ಎಲ್ಲಿ ಕೂರಬೇಕು ಅಂತಲೇ ಅವರಿಗೆ ಕಾಣುವುದಿಲ್ಲ.

ಕೇಳಿದವರು: ಅಣ್ಣಾರ, ಸಿಸ್ಟರ್, ಎಲ್ಲರಿಗೂ ಧನ್ಯವಾದ. ವಿನೈಲ್ ಬಗ್ಗೆ? ಬಿದ್ದರೂ ಮೂಳೆ ಮುರಿಯದ ಮೆತ್ತನೆ ನೆಲ ಇದೆಯಂತೆ. ಹೊಸ್ತಿಲು ಪೂರ್ತಿ ತೆಗೆದರೆ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ, ಅದಕ್ಕೇನು ಮಾಡಲಿ?

ಧಾರವಾಡದಿಂದ, ಇಂಥದೇ ಮನೆ ನಡೆಸುವವರು: ಮಲಗುವ ಕೋಣೆಗೆ ವಿನೈಲ್ ಹಾಳೆ ನನಗೆ ಇಷ್ಟ. ಚಳಿಗಾಲದಲ್ಲಿ ಕಾಲಿಗೆ ತಣ್ಣಗಾಗುವುದಿಲ್ಲ. ಸಂದುಗಳನ್ನು ಬಿಸಿ ಮಾಡಿ ಬೆಸೆದು, ಅಂಚನ್ನು ಗೋಡೆಗೆ ಸ್ವಲ್ಪ ಏರಿಸಿದರೆ ಮೂತ್ರ ಕೆಳಗೆ ಇಳಿಯುವ ದಾರಿಯೇ ಇಲ್ಲ. ಆದರೆ ಕೆಳಗಿನ ಕಾಂಕ್ರೀಟ್ ಪೂರ್ತಿ ಒಣಗಿರಬೇಕು. ತೇವ ಇದ್ದರೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಗದಗದವರು ಹೇಳಿದ ಪ್ಲಾಸ್ಟಿಕ್ ಹಾಳೆ ಇದಕ್ಕೂ ಬೇಕು.

ಮೆತ್ತನೆ ನೆಲದ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಕೆನಡಾದ ಒಂದು ಆರೈಕೆ ಕೇಂದ್ರದ 150 ಕೋಣೆಗಳಲ್ಲಿ ನೋಡಿದರು. ಸುಮಾರು ಅರ್ಧ ಕೋಣೆಗಳಲ್ಲಿ ವಿನೈಲ್ ಕೆಳಗೆ ಒಂದು ಇಂಚಿನ ಮೆತ್ತನೆ ಪದರ, ಉಳಿದವುಗಳಲ್ಲಿ ಪ್ಲೈವುಡ್. 2019ರಲ್ಲಿ ಫಲಿತಾಂಶ ಬಂತು: ದೊಡ್ಡ ಪೆಟ್ಟುಗಳು ಕಡಿಮೆ ಆಗಲಿಲ್ಲ. ಆ ದುಡ್ಡನ್ನು ಹಿಡಿಕೆಗಳಿಗೂ ರಾತ್ರಿ ದೀಪಕ್ಕೂ ಹಾಕಿ.

ಹೊಸ್ತಿಲು ದೊಡ್ಡ ಬಾಗಿಲಿಗೆ ಒಂದೇ ಇರಲಿ. ಅರಿಶಿನ ಕುಂಕುಮ ಹಚ್ಚುವ ಅಜ್ಜಿಯರಿಗೆ ಅದು ಬೇಕೇ ಬೇಕು. ಎತ್ತರ ಆದಷ್ಟು ಕಡಿಮೆ ಮಾಡಿ, ಎರಡೂ ಕಡೆ ಇಳಿಜಾರು ಕೊಡಿ: ಒಂದು ಇಂಚು ಎತ್ತರಕ್ಕೆ ಕನಿಷ್ಠ 12 ಇಂಚು ಉದ್ದ. ಒಳಗಿನ ಕೋಣೆಗಳಿಗೆ, ಬಚ್ಚಲಿಗೆ ಹೊಸ್ತಿಲು ಬೇಡ.

ಇನ್ನೊಂದು. ಕೆಲವು ಡಬ್ಬಿ ಹೆಚ್ಚಿಗೆ ತಂದಿಡಿ. ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸ್ ಮಾಲು ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ, ಛಾಯೆ ಬದಲಾಗುತ್ತದೆ. ನಾಳೆ ಒಂದು ಟೈಲ್ ಒಡೆದು ಬೇರೆ ಛಾಯೆಯದ್ದು ಹಾಕಿದರೆ ಹಾವೇರಿಯವರು ಹೇಳಿದ ತೊಂದರೆಯೇ, ಆ ಚೌಕವನ್ನು ಗುಂಡಿ ಅಂದುಕೊಂಡು ಬಳಸಿ ಹೋಗಲು ನೋಡುತ್ತಾರೆ. ಡಬ್ಬಿಯ ಮೇಲಿನ ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.